ಬೂದಿ ಮಣ್ಣಿನ ಕಾಡಲ್ಲಿ ಸೈಕಲ್: ನ್ಯೂಜಿಲೆಂಡಿನ ನಾಲ್ಕು ದಾರಿಗಳಲ್ಲಿ ನಿಮಗೆ ಯಾವುದು?

ಚಿಕ್ಕಪ್ಪನ ಮಗ ಬೆಂಗಳೂರಿಂದ ಫೋನ್ ಮಾಡಿದ. "ನಂದಿ ಬೆಟ್ಟ ಹತ್ತಿ ಹತ್ತಿ ಸಾಕಾಯ್ತು. ಫೆಬ್ರವರಿಗೆ ನಿಮ್ಮಲ್ಲಿಗೆ ಬರ್ತೀನಿ. ಕಾಡಲ್ಲಿ ಮೂರ್ನಾಲ್ಕು ದಿನ ಮೌಂಟನ್ ಬೈಕ್ ಹೊಡೀಬೇಕು, ಗೈಡ್ ಇರ್ಬೇಕು. ಯಾವ ಟ್ರಿಪ್ ಬುಕ್ ಮಾಡ್ಲಿ?" ಎಂದ. ಜೊತೆಗೆ ನಾಲ್ಕು ಲಿಂಕ್ ಕಳಿಸಿದ. ನಾಲ್ಕರಲ್ಲೂ ಅದೇ ಫೋಟೊ: ಜರೀಗಿಡ, ಮಂಜು, ತೂಗುಸೇತುವೆ, ನಗುತ್ತಿರುವ ಸವಾರ. ಅಷ್ಟು ನೋಡಿ ಯಾರಿಗೆ ತಾನೇ ಆರಿಸಲು ಬರುತ್ತದೆ?

ನಾನಿರುವುದು ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಹ್ಯಾಮಿಲ್ಟನ್ನಿನಲ್ಲಿ. ಈ ನಾಲ್ಕೂ ದಾರಿ ನನಗೆ ಕೆಲವೇ ಗಂಟೆಗಳ ದೂರ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಎಲ್ಲರೂ ಮೊದಲು ಕಿಲೋಮೀಟರ್ ನೋಡುತ್ತಾರೆ, ಆಮೇಲೆ ಕಷ್ಟದ ದರ್ಜೆ ನೋಡುತ್ತಾರೆ. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಚಕ್ರದ ಕೆಳಗೆ ಎಂಥ ಮಣ್ಣು? ರಾತ್ರಿ ಮಲಗುವುದು ಎಲ್ಲಿ?

ಮೊದಲು ಮಣ್ಣಿನ ಮಾತು

ನಮ್ಮೂರು ವಿಜಯಪುರದ ಕಡೆ. ಅಲ್ಲಿನ ಎರೆ ಮಣ್ಣೂ ಜ್ವಾಲಾಮುಖಿಯದೇ ಮಗು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು. ಒಂದು ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಯಲ್ಲಿ ಸೈಕಲ್ ತಂದವರಿಗೆ ಗೊತ್ತು. ಹತ್ತು ಹೆಜ್ಜೆಗೆ ಮಡ್‌ಗಾರ್ಡ್ ತುಂಬಿ ಚಕ್ರ ನಿಲ್ಲುತ್ತದೆ. ಆಮೇಲೆ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವು ಸೈಕಲ್ಲನ್ನು ಹೊರುತ್ತೇವೆ.

ಹಾಗಾಗಿ "ಜ್ವಾಲಾಮುಖಿ ಮಣ್ಣು" ಅಂದಾಗ ನನಗೆ ಮೊದಲು ಆದದ್ದು ಭಯ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಇದು ಬೇರೆಯೇ ಜಾತಿ. ಉತ್ತರ ದ್ವೀಪದ ನಡುಭಾಗದ ಮಣ್ಣು ಲಾವಾ ಸವೆದು ಆದದ್ದಲ್ಲ. ಸ್ಫೋಟದಲ್ಲಿ ಆಕಾಶಕ್ಕೆ ಹಾರಿ ಬಿದ್ದ ಬೂದಿ ಮತ್ತು ಪ್ಯೂಮಿಸ್ ಕಲ್ಲು. ಪ್ಯೂಮಿಸ್ ಅಂದರೆ ಒಳಗೆಲ್ಲ ತೂತಿರುವ, ನೀರಲ್ಲಿ ತೇಲುವ ಹಗುರ ಕಲ್ಲು. ನಮ್ಮಲ್ಲಿ ಕೆಲವರು ಹಿಮ್ಮಡಿ ಉಜ್ಜಲು ಇಟ್ಟುಕೊಳ್ಳುತ್ತಾರಲ್ಲ, ಅದೇ. ಟೌಪೋ ಎಂಬ ದೊಡ್ಡ ಸರೋವರ ಇದೆ, 600 ಚದರ ಕಿಲೋಮೀಟರಿಗೂ ಜಾಸ್ತಿ. ಅದು ಕೆರೆ ಅಲ್ಲ, ಜ್ವಾಲಾಮುಖಿಯ ಬಾಯಿ. ಸುಮಾರು 1,800 ವರ್ಷಗಳ ಹಿಂದೆ ಕೊನೆಯ ಸಲ ದೊಡ್ಡದಾಗಿ ಸಿಡಿದಾಗ ಸುತ್ತಲಿನ ಕಾಡೆಲ್ಲ ಮಲಗಿತು, ಮೇಲೆ ಪ್ಯೂಮಿಸ್ ಹಾಸಿತು. ಅದರ ಮೇಲೆ ಬೆಳೆದ ಕಾಡಲ್ಲಿ ಈಗ ಸೈಕಲ್ ದಾರಿಗಳಿವೆ.

ಈ ಮಣ್ಣು ನೀರನ್ನು ಹಿಡಿದಿಡುವುದಿಲ್ಲ, ಸೋಸಿ ಬಿಡುತ್ತದೆ. ರಾತ್ರಿಯಿಡೀ ಮಳೆ ಸುರಿದರೂ ಬೆಳಿಗ್ಗೆ ದಾರಿ ಸವಾರಿಗೆ ಸಿದ್ಧ. ಈ ಸೀಮೆಯಲ್ಲಿ ಮೌಂಟನ್ ಬೈಕಿಂಗ್ ಇಷ್ಟು ಬೆಳೆಯಲು ಇದೂ ಒಂದು ಕಾರಣ. ಆದರೆ ನಾಲ್ಕು ದಾರಿಗಳಲ್ಲಿ ಒಂದರ ಮಣ್ಣು ಹೀಗಿಲ್ಲ. ಅದು ನಮ್ಮ ಎರೆಯ ಅಣ್ಣ. ಅದಕ್ಕೆ ಆಮೇಲೆ ಬರುತ್ತೇನೆ.

ಟಿಂಬರ್ ಟ್ರೈಲ್: ನಿಜವಾದ ಕಾಡು, ಎರಡು ದಿನ

ಉದ್ದ ಸುಮಾರು 85 ಕಿಲೋಮೀಟರ್. ಪುರೆಓರಾ ಎಂಬ ಸಣ್ಣ ಕಾಡುಹಳ್ಳಿಯಲ್ಲಿ ಶುರು, ಒಂಗಾರುಎ ಎಂಬಲ್ಲಿ ಕೊನೆ. 2013ರಲ್ಲಿ ತೆರೆದದ್ದು. ಒಂದೇ ದಿನದಲ್ಲಿ ಮುಗಿಸುವ ಗಟ್ಟಿಗರಿದ್ದಾರೆ. ಆದರೆ ಊಟ ಚೆನ್ನಾಗಿದೆ ಅಂತ ಗಬಗಬ ನುಂಗಿದ ಹಾಗಾಗುತ್ತದೆ ಅದು. ಎರಡು ದಿನವೇ ಸರಿ.

ಮೊದಲ ದಿನ ಹಳೆಯ ಮರಗಳು. ರಿಮು, ತೋತಾರಾ, ಮತಾಯಿ ಎಂಬ ಇಲ್ಲಿನ ಮೂಲ ಜಾತಿಗಳು, ಕೆಲವಕ್ಕೆ ನೂರಾರು ವರ್ಷ ವಯಸ್ಸು. ಈ ಮರಗಳು ಇನ್ನೂ ನಿಂತಿರುವುದಕ್ಕೆ ಒಂದು ಕಾರಣ ಇದೆ. 1978ರಲ್ಲಿ ಮರ ಕಡಿಯುವುದನ್ನು ತಡೆಯಲು ಕೆಲವರು ಪುರೆಓರಾದ ಮರಗಳ ತುದಿಗೇ ಹತ್ತಿ ಕೂತರು. ಕೆಳಗೆ ಕಡಿಯುವವರು, ಮೇಲೆ ಕೂತವರು. ಕೊನೆಗೆ ಇಲ್ಲಿ ಕಡಿತ ನಿಂತಿತು. ಉತ್ತರ ಕನ್ನಡದಲ್ಲಿ 1983ರಲ್ಲಿ ಜನ ಮರ ಅಪ್ಪಿಕೊಂಡು ನಿಂತ ಅಪ್ಪಿಕೋ ನೆನಪಾಗುತ್ತದೆ, ಅಲ್ವಾ? ಅವರು ಬುಡ ಹಿಡಿದರು, ಇವರು ತುದಿ ಹಿಡಿದರು.

ಏರು ಇರುವುದು ಮುಖ್ಯವಾಗಿ ಈ ಮೊದಲ ದಿನವೇ. ದಾರಿ 1,165 ಮೀಟರ್ ಎತ್ತರದ ಪುರೆಓರಾ ಬೆಟ್ಟದ ಹೆಗಲ ಮೇಲೆ ಹೋಗುತ್ತದೆ. ಕಡಿದಾದ ಏರಲ್ಲ, ಆದರೆ ಮುಗಿಯದ ಏರು. ಕಾಲಿಗಿಂತ ತಾಳ್ಮೆಗೆ ಕೆಲಸ ಜಾಸ್ತಿ. ಸೈಕಲ್ ಬಿಟ್ಟು ತುದಿಗೆ ನಡೆದುಹೋಗುವ ಕಾಲುದಾರಿಯೂ ಇದೆ. ಆಕಾಶ ತಿಳಿಯಾಗಿದ್ದರೆ ಹೋಗಿ.

ರಾತ್ರಿ ನಡುದಾರಿಯ ಪಿರೋಪಿರೋದಲ್ಲಿ. ಇಲ್ಲಿ ಸರ್ಕಾರದ ಬಯಲು ಕ್ಯಾಂಪಿದೆ, ಹತ್ತಿರದಲ್ಲೇ ಬಿಸಿನೀರು, ಊಟ, ಹಾಸಿಗೆ ಇರುವ ಲಾಡ್ಜೂ ಇದೆ. ಗೈಡ್ ಟ್ರಿಪ್‌ಗಳು ಸಾಮಾನ್ಯವಾಗಿ ಲಾಡ್ಜಿನಲ್ಲೇ ಉಳಿಸುತ್ತವೆ. ಕಾಡಿನ ನಟ್ಟನಡುವೆ ಇಂಥ ರಾತ್ರಿ ಈ ನಾಲ್ಕರಲ್ಲಿ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಮೊಬೈಲ್ ಸಿಗ್ನಲ್ ದಾರಿಯ ಬಹುಭಾಗದಲ್ಲಿ ಇಲ್ಲ. ಮನೆಯವರಿಗೆ ಮೊದಲೇ ಹೇಳಿಡಿ.

ಎರಡನೇ ದಿನದ್ದು ಬೇರೆ ರುಚಿ. ಪಿರೋಪಿರೋ ಬಿಟ್ಟ ಸ್ವಲ್ಪ ಹೊತ್ತಿಗೇ ಮರಾಮತಾಹಾ ತೂಗುಸೇತುವೆ: 141 ಮೀಟರ್ ಉದ್ದ, ಕೆಳಗೆ 50 ಮೀಟರಿಗೂ ಹೆಚ್ಚು ಆಳ. ಈ ದಾರಿಯಲ್ಲಿ ಒಟ್ಟು 35 ಸೇತುವೆಗಳಿವೆ, ಅದರಲ್ಲಿ ಎಂಟು ದೊಡ್ಡ ತೂಗುಸೇತುವೆಗಳು. ಎತ್ತರದ ಭಯ ಇದ್ದವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಂತಿರುಗುವ ದಾರಿ ಇಲ್ಲ, ದಾಟಲೇಬೇಕು. ನನ್ನ ಹೆಂಡತಿ ಸೈಕಲ್ ಇಳಿದು, ಎದುರಿನ ಮರವನ್ನೇ ದಿಟ್ಟಿಸಿಕೊಂಡು, ಹನುಮಾನ್ ಚಾಲೀಸ ಹೇಳುತ್ತಾ ದಾಟಿದಳು. ಎಂಟನೆಯದಕ್ಕೆ ಬರುವಷ್ಟರಲ್ಲಿ ಫೋಟೊಗೆ ನಿಲ್ಲುತ್ತಿದ್ದಳು.

ಆಮೇಲೆ ಹಳೆಯ ಮರಸಾಗಣೆಯ ಟ್ರಾಮ್ ಹಳಿಯ ಜಾಡು. ಹಳಿ ಕಿತ್ತಿದ್ದಾರೆ, ಇಳಿಜಾರು ಮಾತ್ರ ಉಳಿದಿದೆ. ರೈಲಿಗಾಗಿ ಹದ ಮಾಡಿದ ಇಳಿಜಾರು ಸೈಕಲ್ಲಿಗೆ ಎಷ್ಟು ಸುಖ ಅಂತ ಅಲ್ಲಿ ಗೊತ್ತಾಗುತ್ತದೆ. ಕೊನೆಯ ಭಾಗದಲ್ಲಿ ಒಂಗಾರುಎ ಸುರುಳಿ. ಬೆಟ್ಟ ಇಳಿಯಲು ಜಾಗ ಸಾಲದೆ, ದಾರಿಯನ್ನೇ ಒಂದು ಪೂರ್ತಿ ಸುತ್ತು ತಿರುಗಿಸಿ, ಬಾಗಿದ ಸುರಂಗದೊಳಗೆ ನುಗ್ಗಿಸಿ, ತನ್ನ ಮೇಲೆಯೇ ತಾನು ದಾಟುವ ಹಾಗೆ ಕಟ್ಟಿದ್ದಾರೆ. ಸುರಂಗದಲ್ಲಿ ಕತ್ತಲಿದೆ, ಟಾರ್ಚ್ ಬೇಕು.

ಯಾರಿಗೆ ಸರಿ? ಊರಲ್ಲಿ ವಾರಕ್ಕೊಮ್ಮೆ 40 ಕಿಲೋಮೀಟರ್ ಸೈಕಲ್ ಹೊಡೆಯುವ, ಕಚ್ಚಾ ದಾರಿಗೆ ಹೆದರದ ಯಾರಿಗಾದರೂ. ಇಲ್ಲಿನ ಕಷ್ಟದ ದರ್ಜೆ 1ರಿಂದ 6ರವರೆಗೆ. ಈ ದಾರಿ 2 ಮತ್ತು 3ರ ನಡುವೆ. ಜಂಪ್, ಕಲ್ಲುಗುಂಡು, ಸಾಹಸ ಹುಡುಕುವವರಿಗೆ ಇಲ್ಲಿ ಬೇಜಾರಾಗಬಹುದು.

ರೋಟೊರುವಾ: ಕಾಡು ಕಡಿಮೆ, ಸವಾರಿ ಜಾಸ್ತಿ

ಫಾಕರೇವರೇವ ಕಾಡು ಊರಿಗೆ ಅಂಟಿಕೊಂಡೇ ಇದೆ. ಹೆಸರು ನೋಡಿ ಗಾಬರಿ ಬೇಡ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಪದಗಳೂ ಕನ್ನಡದ ಹಾಗೆ ಸ್ವರದಲ್ಲೇ ಮುಗಿಯುತ್ತವೆ, ಬರೆದ ಹಾಗೇ ಓದುತ್ತಾರೆ. ಇಂಗ್ಲಿಷಿನವರಿಗಿಂತ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ.

ಇದು ನೆಟ್ಟ ಕಾಡು. 1901ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ನೆಟ್ಟರು. ಅವು ಈಗ ಗೋಪುರಗಳು. 160 ಕಿಲೋಮೀಟರಿಗೂ ಮೀರಿದ ಸೈಕಲ್ ಜಾಡುಗಳ ಬಲೆ ಇಲ್ಲಿದೆ, ಮಕ್ಕಳು ಹೊಡೆಯುವಂಥದ್ದರಿಂದ ಹಿಡಿದು ನೋಡಿದರೇ ಎದೆ ನಡುಗುವಂಥದ್ದರವರೆಗೆ. 2006ರಲ್ಲಿ ವಿಶ್ವ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಈ ಊರಲ್ಲೇ. ಕಾಡನ್ನು ಸುತ್ತುವ ಸುಮಾರು 33 ಕಿಲೋಮೀಟರಿನ ಒಂದು ಲೂಪ್ ಇದೆ. ಅದೊಂದೇ ಹೊಡೆದರೂ ಒಂದು ದಿನ ಚೆನ್ನಾಗಿ ಕಳೆಯುತ್ತದೆ. ಆ ಲೂಪಿನ ದಾರಿಯಲ್ಲಿ ಎರಡು ಕೆರೆ ಕಾಣುತ್ತವೆ. ಟಿಕಿಟಪು ನೀಲಿ, ಅದರಲ್ಲಿ ಈಜಬಹುದು. ಪಕ್ಕದ ರೋಟೊಕಾಕಹಿ ಹಸಿರು. ಅದು ಮಾವೊರಿ ಜನರಿಗೆ ಪವಿತ್ರ, ಅದರ ನೀರಿಗೆ ಇಳಿಯುವಂತಿಲ್ಲ. ಆಚೆ ತರವೇರಾ ಬೆಟ್ಟ. 1886ರ ಜೂನ್ 10ರ ರಾತ್ರಿ ಅದು ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಹಳ್ಳಿಗಳು ಹೂತುಹೋದವು.

ಇಲ್ಲಿ ಗೈಡ್ ಟ್ರಿಪ್ ಅಂದರೆ ಒಂದೇ ಕಡೆ ತಂಗಿ ದಿನಕ್ಕೊಂದು ದಿಕ್ಕಿಗೆ ಹೋಗುವುದು. ಸಾಮಾನು ಕಟ್ಟುವ ಕಾಟ ಇಲ್ಲ. ಮಳೆ ಬಂದರೆ ಅರ್ಧ ದಿನ ಬಿಟ್ಟುಬಿಡಬಹುದು. ಸೈಕಲ್ ಹೊಡೆಯದ ಅತ್ತೆ ಮಾವ ಜೊತೆಗಿದ್ದರೆ ಅವರು ಬಿಸಿನೀರ ಬುಗ್ಗೆ ನೋಡುತ್ತಾರೆ. ಸಂಜೆ ನೀವೂ ಹೋಗಿ ಬಿಸಿನೀರಲ್ಲಿ ಕೂರಬಹುದು. ತೊಡೆ ನೋವಿಗೆ ಅದಕ್ಕಿಂತ ಮದ್ದಿಲ್ಲ. ಊರಿಡೀ ಗಂಧಕದ ವಾಸನೆ, ಕೊಳೆತ ಮೊಟ್ಟೆಯ ಹಾಗೆ. ಎರಡನೇ ದಿನಕ್ಕೆ ಮೂಗು ಮರೆಯುತ್ತದೆ.

ಗೈಡ್‌ನಿಂದ ನಿಜವಾಗಿ ಸವಾರಿ ಕಲಿಯಬೇಕು ಅನ್ನುವವರು ಕಣ್ಣು ಮುಚ್ಚಿ ಇದನ್ನು ಆರಿಸಿ. ಒಂದೇ ತಿರುವನ್ನು ಹತ್ತು ಸಲ ಹೊಡೆದು ಕಲಿಯಲು ಟಿಂಬರ್ ಟ್ರೈಲಿನಲ್ಲಿ ಆಗುವುದಿಲ್ಲ. ಅಲ್ಲಿ ಮುಂದೆ ಹೋಗುತ್ತಲೇ ಇರಬೇಕು.

ಗ್ರೇಟ್ ಲೇಕ್ ಟ್ರೈಲ್: ಚೆಂದ, ಅಷ್ಟೇ

ಟೌಪೋ ಸರೋವರದ ವಾಯುವ್ಯ ದಂಡೆಯಲ್ಲಿ ಸುಮಾರು 70 ಕಿಲೋಮೀಟರ್, ತುಂಡು ತುಂಡಾಗಿ ಹೊಡೆಯುವಂಥದ್ದು, ದರ್ಜೆ 3. ಪ್ಯೂಮಿಸ್ ನೆಲ, ಜಾರುವ ತಿರುವುಗಳು, ಮರಗಳ ಸಂದಿಯಲ್ಲಿ ನೀರು. ವಾಯ್ಹಾಹಾ ಕಡೆಯ ತುಂಡು ದಂಡೆಯಲ್ಲಿ ಮುಗಿಯುತ್ತದೆ, ಅಲ್ಲಿಂದ ರಸ್ತೆ ಇಲ್ಲ. ದೋಣಿಯಲ್ಲಿ ಸೈಕಲ್ ಏರಿಸಿ ಕಿನ್‌ಲಾಕ್ ಎಂಬ ಹಳ್ಳಿಗೆ ಬರಬೇಕು. ಅದೇ ಈ ದಾರಿಯ ಮಜಾ, ಅದೇ ಇದರ ತಲೆನೋವು. ಗಾಳಿ ಎದ್ದರೆ ದೋಣಿ ಹೊರಡುವುದಿಲ್ಲ. ಗೈಡ್ ಇದ್ದರೆ ಆ ತಲೆನೋವು ಅವರದ್ದು.

ಇದನ್ನು ಎರಡು ದಿನದ ಟ್ರಿಪ್ ಆಗಿ ಬುಕ್ ಮಾಡಲು ನಾನು ಹೇಳುವುದಿಲ್ಲ. ರೋಟೊರುವಾದಿಂದ ಟೌಪೋ ಊರು 80 ಕಿಲೋಮೀಟರ್, ಒಂದು ಗಂಟೆ. ರೋಟೊರುವಾ ಟ್ರಿಪ್‌ಗೆ ಒಂದು ದಿನ ಸೇರಿಸಿದರೆ ಸಾಕು.

ಮಂಗಾಪುರುಆ: ಎಲ್ಲಿಗೂ ಹೋಗದ ಸೇತುವೆ

ಇದು ನಾಲ್ಕರಲ್ಲಿ ನನಗೆ ಅತಿ ಇಷ್ಟದ್ದು. ಹೊಸಬರಿಗೆ ನಾನು ಬೇಡ ಅನ್ನುವುದೂ ಇದನ್ನೇ.

ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಮಂಗಾಪುರುಆ ಎಂಬ ಈ ಕಣಿವೆಯಲ್ಲಿ ಜಮೀನು ಕೊಟ್ಟಿತು. ಕಾಡು ಕಡಿದು ಕುರಿ ಸಾಕಿದರು. ಬೆಟ್ಟದ ಮಣ್ಣು ಕುಸಿಯುತ್ತಾ ಹೋಯಿತು, ರಸ್ತೆ ನಿಲ್ಲಲಿಲ್ಲ, ಬೆಲೆ ಬಿತ್ತು. ಒಬ್ಬೊಬ್ಬರಾಗಿ ಬಿಟ್ಟು ಹೋದರು. ಇವರಿಗಾಗಿ ಕಾಂಕ್ರೀಟಿನ ಗಟ್ಟಿ ಸೇತುವೆ ಮುಗಿದದ್ದು 1936ರಲ್ಲಿ. ಅಷ್ಟು ಹೊತ್ತಿಗೆ ಬಹಳ ಜನ ಹೋಗಿಯಾಗಿತ್ತು. 1942ರ ಪ್ರವಾಹದ ನಂತರ ಕಣಿವೆಯೇ ಖಾಲಿ. ಈಗ ಕಾಡು ಮರಳಿ ಬಂದಿದೆ. ಸೈಕಲ್ ಹೊಡೆಯುತ್ತಾ ಹೋದರೆ ದಾರಿ ಪಕ್ಕ ಮರದ ಹಲಗೆಯ ಮೇಲೆ ಹೆಸರುಗಳಿವೆ, ಇಲ್ಲಿ ಇಂಥವರ ಜಮೀನಿತ್ತು ಅಂತ. ಮನೆ ಇಲ್ಲ. ಯಾರೋ ನೆಟ್ಟ ಹಣ್ಣಿನ ಮರ ಇರಬಹುದು. ಮುಳುಗಡೆ ಊರುಗಳನ್ನು ನೋಡಿದ ನಮಗೆ ಆ ಮೌನ ಬೇಗ ಅರ್ಥವಾಗುತ್ತದೆ.

ಕೊನೆಗೆ ಆ ಸೇತುವೆ. ಈ ಕಡೆ ಕಾಡು, ಆ ಕಡೆಯೂ ಕಾಡು. ಅಲ್ಲಿಂದ ವಾಂಗಾನುಯಿ ನದಿಗೆ ಇಳಿದು ಜೆಟ್ ಬೋಟಿನಲ್ಲಿ ಪಿಪಿರಿಕಿಗೆ ಹೋಗಬೇಕು, ಬೇರೆ ದಾರಿಯಿಲ್ಲ. 2017ರಲ್ಲಿ ಕಾನೂನೇ ಒಬ್ಬ ವ್ಯಕ್ತಿ ಎಂದು ಒಪ್ಪಿಕೊಂಡ ನದಿ ಇದು.

ಈಗ ಆ ಮಣ್ಣು. ಇಲ್ಲಿನ ಬೆಟ್ಟ ಪ್ಯೂಮಿಸ್ ಅಲ್ಲ, ಪಾಪಾ ಎಂಬ ಮೆತ್ತನೆಯ ಕೆಸರುಕಲ್ಲು. ನಮ್ಮ ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ, ಮಳೆಯಲ್ಲಿ ಹೊಡೆದರೆ ಸಂಬಂಧ ಇದೆ ಅನ್ನಿಸುತ್ತದೆ. ಒಣಗಿದ್ದಾಗ ಸಿಮೆಂಟ್, ಒದ್ದೆಯಾದಾಗ ಸಾಬೂನು, ಆಮೇಲೆ ಅಂಟು. ಒಂದು ಕಡೆ ಬಂಡೆಗೋಡೆ, ಇನ್ನೊಂದು ಕಡೆ ಕಮರಿ ಇರುವ ಜಾಗಗಳಿವೆ. ಇಳಿದು ನಡೆಯಿರಿ ಅಂತ ಬೋರ್ಡ್ ಇರುವಲ್ಲಿ ದಯವಿಟ್ಟು ಇಳಿಯಿರಿ. ಬೋಟಿನ ಸಮಯ ಮೊದಲೇ ಗೊತ್ತು ಮಾಡಿರುತ್ತಾರೆ, ಹಾಗಾಗಿ ಮಳೆ ಬಂತು ಅಂತ ನಿಧಾನ ಮಾಡಲೂ ಆಗುವುದಿಲ್ಲ. ನಾನು ಒಮ್ಮೆ ಇಲ್ಲಿ ಕೊನೆಯ ಹತ್ತು ಕಿಲೋಮೀಟರ್ ಗೇರಿಗೆ ಸಿಕ್ಕ ಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತಾ ಬಂದೆ, ಥೇಟ್ ಊರಿನ ಮಳೆಗಾಲದ ಹಾಗೆ.

ಒಣ ಹವೆ, ಅನುಭವ, ಗೈಡ್, ಮೂರೂ ಇದ್ದರೆ ಹೋಗಿ. ಒಂದು ಇಲ್ಲದಿದ್ದರೂ ಪಕ್ಕದ ಒಹಾಕುನೆ ಊರಿನ ಹಳೇ ಕೋಚ್ ರಸ್ತೆ, ಅಂದರೆ ಕುದುರೆಗಾಡಿಗಳ ಹಳೆಯ ದಾರಿ, ಹೊಡೆಯಿರಿ. 15 ಕಿಲೋಮೀಟರ್ ಅಷ್ಟೇ, ಹಳೆಯ ಬಾಗಿದ ರೈಲು ಸೇತುವೆ ಸಿಗುತ್ತದೆ, ತಲೆ ಮೇಲೆ ರುಆಪೇಹು ಜ್ವಾಲಾಮುಖಿ. ಹಾಗೆಯೇ, ಪ್ರಸಿದ್ಧವಾದ ಟೊಂಗಾರಿರೊ ಆಲ್ಪೈನ್ ಕ್ರಾಸಿಂಗ್‌ನಲ್ಲಿ ಸೈಕಲ್ ಬಿಡುವುದಿಲ್ಲ. ಅದು ನಡೆಯುವವರ ದಾರಿ.

ಗೈಡ್ ಬೇಕೇ ಬೇಕಾ?

ನಿಜ ಹೇಳಬೇಕಂದರೆ, ಟಿಂಬರ್ ಟ್ರೈಲಿನಲ್ಲಿ ದಾರಿ ತಪ್ಪುವುದು ಕಷ್ಟ. ಬೋರ್ಡುಗಳು ಚೆನ್ನಾಗಿವೆ. ಬೇಕಾದದ್ದು ಗೈಡ್ ಅಲ್ಲ, ಶಟಲ್. ಶುರುವಿನಲ್ಲಿ ಬಿಟ್ಟು, ಸಾಮಾನನ್ನು ಲಾಡ್ಜಿಗೆ ಮುಟ್ಟಿಸಿ, ಕೊನೆಯಲ್ಲಿ ಕಾರ್ ಹತ್ತಿರ ಕರೆತರುವವರು. ಎರಡು ತುದಿಗಳ ನಡುವೆ ರಸ್ತೆಯಲ್ಲಿ ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಶಟಲ್, ಬಾಡಿಗೆ ಸೈಕಲ್, ಲಾಡ್ಜ್, ಮೂರನ್ನೂ ಬೇರೆ ಬೇರೆ ಬುಕ್ ಮಾಡಿದರೆ ಪೂರ್ತಿ ಗೈಡ್ ಟ್ರಿಪ್‌ಗಿಂತ ಸಾಕಷ್ಟು ಕಡಿಮೆಗೆ ಮುಗಿಯುತ್ತದೆ. ಪಂಕ್ಚರ್ ಹಾಕಲು, ಚೈನ್ ಜೋಡಿಸಲು ಬಂದರೆ ಸಾಕು.

ಹಾಗಾದರೆ ಗೈಡ್‌ಗೆ ಯಾಕೆ ದುಡ್ಡು? ಇಲ್ಲಿ ಕಾರ್ ಇಲ್ಲದೆ ಭಾರತದಿಂದ ನೇರ ಬರುವವರಿಗೆ ಅದು ಸರಿಯಾದ ಖರ್ಚು. ಯಾವ ಹಕ್ಕಿ ಕೂಗಿತು, ಈ ಮರ ಯಾಕೆ ಪವಿತ್ರ, ಇದೆಲ್ಲ ಹೇಳುವ ಸ್ಥಳೀಯರು ಸಿಕ್ಕರೆ ದಾರಿಯೇ ಬೇರೆ ಆಗುತ್ತದೆ. ಮಂಗಾಪುರುಆದಲ್ಲಿ ಮಾತ್ರ ಗೈಡ್ ನಿಜವಾಗಿ ಸುರಕ್ಷತೆಯ ವಿಷಯ.

ಬುಕ್ ಮಾಡುವ ಮುಂಚೆ ಕೇಳಬೇಕಾದ್ದು ಬೆಲೆಗಿಂತ ಮೊದಲು ಇದು: ಗುಂಪಿನಲ್ಲಿ ಎಷ್ಟು ಜನ, ಹಿಂದೆ ಬೀಳುವವರ ಜೊತೆ ಇನ್ನೊಬ್ಬ ಗೈಡ್ ಇರುತ್ತಾರಾ? ಒಬ್ಬನೇ ಗೈಡ್ ಇದ್ದರೆ ಇಡೀ ಗುಂಪು ಅತಿ ನಿಧಾನದವನ ವೇಗಕ್ಕೆ ಬರುತ್ತದೆ. ಇಲ್ಲವೇ ಅವನು ಒಬ್ಬನೇ ಹಿಂದೆ ಒದ್ದಾಡುತ್ತಾನೆ. ನಾನು ಎರಡನ್ನೂ ನೋಡಿದ್ದೇನೆ. ಸಿಗ್ನಲ್ ಇಲ್ಲದ ಕಡೆಯಿಂದಲೂ ಸಹಾಯ ಕರೆಯುವ ಸ್ಯಾಟಲೈಟ್ ಬೀಕನ್ ಒಯ್ಯುತ್ತಾರಾ ಅಂತಲೂ ಕೇಳಿ.

ಊಟದ್ದು ಇನ್ನೊಂದು. ಒಂದು ಟ್ರಿಪ್‌ನಲ್ಲಿ ನಾವು ಸಸ್ಯಾಹಾರಿ ಅಂತ ಫಾರಂನಲ್ಲಿ ಬರೆದಿದ್ದೆವು. ರಾತ್ರಿ ಬಂದದ್ದು ಕುಂಬಳಕಾಯಿ ಸೂಪ್. ಅರ್ಧ ಕುಡಿದ ಮೇಲೆ ಗೊತ್ತಾಯಿತು, ಕೋಳಿ ರಸದಲ್ಲಿ ಬೇಯಿಸಿದ್ದಾರೆ ಅಂತ. ಅವರು ಮೋಸ ಮಾಡಲಿಲ್ಲ, ತುಂಡು ಇಲ್ಲದಿದ್ದರೆ ಸಸ್ಯಾಹಾರ ಅಂತ ಅವರ ಲೆಕ್ಕ. ಸುಮ್ನೆ "ವೆಜ್" ಅನ್ನಬೇಡಿ. ಮಾಂಸ, ಮೀನು, ಕೋಳಿರಸ, ಮೊಟ್ಟೆ, ಯಾವುದು ಬೇಡ ಅಂತ ಒಂದೊಂದಾಗಿ ಬರೆಯಿರಿ.

ಸೈಕಲ್, ಕಾಲ, ವಿಮಾನ

ಬೆಂಗಳೂರಿಂದ ಸೈಕಲ್ ಹೊತ್ತು ತರಬೇಡಿ. ಬಾಡಿಗೆಗೆ ಒಳ್ಳೆಯವು ಸಿಗುತ್ತವೆ. ಟಿಂಬರ್ ಟ್ರೈಲಿಗೆ ಮುಂದಿನ ಚಕ್ರಕ್ಕೆ ಕುಲುಕು ತಡೆಯುವ ಸಸ್ಪೆನ್ಷನ್ ಇದ್ದರೆ ಸಾಕು. ರೋಟೊರುವಾದಲ್ಲಿ ಎರಡೂ ಕಡೆ ಇದ್ದರೆ ಸುಖ. ಟಿಂಬರ್ ಟ್ರೈಲಿನಲ್ಲಿ ಇ-ಬೈಕ್ ಬಿಡುತ್ತಾರೆ, 50 ದಾಟಿದ ಮಂಡಿಗಳಿಗೆ ನಾನು ಅದನ್ನೇ ಹೇಳುತ್ತೇನೆ. ನಾಚಿಕೆ ಬೇಡ. ಆದರೆ ರಾತ್ರಿ ಚಾರ್ಜ್ ಮಾಡಲು ಕರೆಂಟ್ ಬೇಕಲ್ಲ? ಬಯಲು ಕ್ಯಾಂಪಿನಲ್ಲಿ ಅದಿಲ್ಲ, ಲಾಡ್ಜ್ ಹಿಡಿಯಿರಿ. ಹೆಲ್ಮೆಟ್ 1994ರಿಂದ ಇಲ್ಲಿ ಕಾನೂನು.

ಕಾಲ ಅಂದರೆ ನವೆಂಬರಿನಿಂದ ಏಪ್ರಿಲ್. ಫೆಬ್ರವರಿ, ಮಾರ್ಚ್ ಅತಿ ಒಳ್ಳೆಯದು. ನೆನಪಿರಲಿ, ಇಲ್ಲಿನ ಬೇಸಿಗೆ ನಮ್ಮ ಬೇಸಿಗೆಯಲ್ಲ. ಪುರೆಓರಾದ ಹೆಗಲ ಮೇಲೆ ಜನವರಿಯಲ್ಲೂ ಬೆರಳು ಮರಗಟ್ಟಬಹುದು. ಮಳೆ ಕೋಟು, ಉಣ್ಣೆ ಒಳಂಗಿ ಬೇಕು. ಹಾವಿನ ಭಯ ಮಾತ್ರ ಬಿಟ್ಟುಬಿಡಿ, ಈ ದೇಶದ ಕಾಡಿನಲ್ಲಿ ಹಾವೇ ಇಲ್ಲ.

ಇನ್ನು ವಿಮಾನ ನಿಲ್ದಾಣ. ಹೊರಗಿನ ಮಣ್ಣು, ಬೀಜ, ರೋಗ ಒಳಗೆ ಬರಬಾರದು ಅಂತ ಇಲ್ಲಿ ಬಹಳ ಕಟ್ಟುನಿಟ್ಟು. ಸಹ್ಯಾದ್ರಿಯ ಕೆಸರು ಮೆತ್ತಿದ ಬೂಟು ಬ್ಯಾಗಲ್ಲಿದ್ದರೆ ತೊಳೆದು ತನ್ನಿ, ಫಾರಂನಲ್ಲಿ ಹೇಳಿ. ತಿನ್ನುವ ವಸ್ತುವನ್ನೂ ಹೇಳಲೇಬೇಕು. ಹೇಳದೆ ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಹೇಳಿದರೆ ಹೆಚ್ಚೆಂದರೆ ಡಬ್ಬಿ ಹೋಗುತ್ತದೆ.

ಚಿಕ್ಕಪ್ಪನ ಮಗ ಟಿಂಬರ್ ಟ್ರೈಲ್ ಆರಿಸಿದ್ದಾನೆ. ಗೈಡ್ ಬಿಟ್ಟ, ಶಟಲ್ ಮತ್ತು ಲಾಡ್ಜ್ ಹಿಡಿದ. ಉಳಿದ ಎರಡು ದಿನ ರೋಟೊರುವಾದಲ್ಲಿ, ಅಲ್ಲಿ ಒಂದು ದಿನ ಕಲಿಸುವ ಗೈಡ್ ಜೊತೆ. ಮಂಗಾಪುರುಆ ಮುಂದಿನ ಸಲಕ್ಕೆ. ಚಿಕ್ಕಮ್ಮ ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತಾರಂತೆ. ತಾ ಅಂದಿದ್ದೇನೆ. ಫಾರಂನಲ್ಲಿ ಬರಿ ಅಂತ ಎರಡು ಸಲ ಹೇಳಿದ್ದೇನೆ.